ಅಪ್ಪ ಹಾಕಿಸಿದ ತಾರಸಿ

ಕೂಸಪ್ಪ ಜಗಳವಾಡಿದ್ದರೆ ಪುಷ್ಪರಾಜ ಸಹಿಸಿಕೊಳ್ಳುತ್ತಿದ್ದ. ಕೂಸಪ್ಪ ಜಗಳವಾಡಲಿಲ್ಲ. ಮುರಿದ ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತ, ತಲೆ ಎತ್ತದೆ ಹೇಳಿದ:

"ಧನಿಗಳೇ, ಇಲ್ಲಿ ಕೂತುಕೋ ಅಂತ ಹೇಳಿದ್ದು ನಿಮ್ಮ ಅಪ್ಪ. ಏಳು ಅಂತ ಹೇಳುವುದು ನೀವು. ಅವರನ್ನೊಂದು ಮಾತು ಕೇಳಿ ಬನ್ನಿ, ನಾನು ಏಳ್ತೇನೆ."

ಅಪ್ಪ ಧರ್ಮಪಾಲರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಬೆಳ್ತಂಗಡಿ ಪೇಟೆಯ ಆ ಎರಡಂತಸ್ತಿನ ಕಟ್ಟಡವನ್ನು ಅವರು ೧೯೭೧ರಲ್ಲಿ ಕಟ್ಟಿಸಿದ್ದರು. ಉಳಿದ ಅಂಗಡಿಯವರೆಲ್ಲ ಒಂದು ಮಾತಿಗೆ ಜಾಗ ಖಾಲಿ ಮಾಡಿದ್ದರು. ಮೇಲಂತಸ್ತು ಬರಿದಾಗಿತ್ತು. ಕೆಳಗೆ ಮೂಲೆಯಲ್ಲಿ ಕೂಸಪ್ಪನ ಕೊಡೆ ರಿಪೇರಿ ಅಂಗಡಿಯೊಂದೇ ಉಳಿದಿತ್ತು. ಆ ಕಟ್ಟಡದ ಜಾಗದಲ್ಲಿ ಪುಷ್ಪರಾಜನ ಮನಸ್ಸು ಆಗಲೇ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಎಬ್ಬಿಸಿತ್ತು. ಅದರ ಬೋರ್ಡು ಕೂಡ ಬರೆಸಿಯಾಗಿತ್ತು. ಮೂಡುಬಿದಿರೆಯ ಮನೆಯಲ್ಲಿ ಗೋಣಿ ಸುತ್ತಿಕೊಂಡು ಅದು ಕಾಯುತ್ತಿತ್ತು.

ಕಟ್ಟಡ ಅಪಾಯದಲ್ಲಿದೆ ಎಂದು ಸಾಬೀತಾದರೆ ಬಾಡಿಗೆದಾರ ಏಳಲೇಬೇಕು. ಅಪಾಯಕ್ಕೆ ಆಧಾರವೂ ಇತ್ತು. ಮೇಲಂತಸ್ತಿನ ಮಾಡಿನಲ್ಲಿ, ಅಂದರೆ ತಾರಸಿಯ ಅಡಿಮೈಯಲ್ಲಿ, ಕೂದಲೆಳೆಯಂಥ ಒಂದು ಬಿರುಕು ಎಂಟು ಅಡಿ ಉದ್ದಕ್ಕೆ ಓಡಿತ್ತು. ಪುಷ್ಪರಾಜ ಕೋರ್ಟಿಗೆ ಹೋದ. ಕೋರ್ಟು ಬಂಟ್ವಾಳದ ನಿವೃತ್ತ ಇಂಜಿನಿಯರ್ ನಿಝಾಮುದ್ದೀನರನ್ನು ಪರೀಕ್ಷೆಗೆ ನೇಮಿಸಿತು.

೧೯೯೮ರ ಮೇ ಕೊನೆಗೆ ಅವರು ಬಸ್ಸಿನಲ್ಲಿ ಬಂದರು. ಬಿರುಕಿಗೆ ಅಡ್ಡಲಾಗಿ ಮೂರು ಕಡೆ ತೆಳ್ಳನೆ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೆ ಮಾತ್ರ ಅಂಟು ಹಾಕಿ, ಪಕ್ಕದಲ್ಲಿ ತಾರೀಕು ಬರೆದರು. ನಡುವೆ, ಗಾಜಿನ ಹಿಂದೆ, ಬಿರುಕು ಸ್ಪಷ್ಟ ಕಾಣುತ್ತಿತ್ತು.

"ಬಿರುಕು ಬೆಳೆದರೆ ಗಾಜು ತಡೆಯುವುದಿಲ್ಲ, ಒಡೀತದೆ. ಮಳೆಗಾಲ ಕಳೆದು ಬರ್ತೇನೆ. ಕೀಲಿಕೈ ಯಾರ ಹತ್ತಿರ ಉಂಟು?"

"ನನ್ನ ಹತ್ತಿರವೇ ಇರಲಿ," ಎಂದ ಪುಷ್ಪರಾಜ. "ಕೂಸಪ್ಪನಿಗೆ ರಿಪೇರಿ ಚಟ. ಹತ್ತಿ ಬಂದು ಸಿಮೆಂಟು ಮೆತ್ತಿಯಾನು."

ಅದನ್ನು ಬರವಣಿಗೆಯಲ್ಲೇ ಕೊಟ್ಟ. ಕೀಲಿ ಒಂದೇ, ಅದು ತನ್ನ ಕೈಬಿಟ್ಟು ಹೋಗುವುದಿಲ್ಲ ಎಂದು ಸಹಿ ಹಾಕಿದ. ಮುಂದೆ ಗಾಜು ಒಡೆದಾಗ ಯಾರೂ ಒಳಗೆ ಬಂದಿರಲಿಲ್ಲವೆಂದು ಸಾಬೀತಾಗಬೇಕಲ್ಲ.

ಸುಳ್ಳು ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ ಎಂದು ಅವನ ಲೆಕ್ಕಾಚಾರ. ನೀರು ಕಾಂಕ್ರೀಟಿಗೆ ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇಪ್ಪತ್ತು ವರ್ಷ ಅವನು ಸರಕಾರಿ ಮೋರಿಗಳ ಗುತ್ತಿಗೆದಾರ. ವಿಟ್ಲದ ಕಡೆ ಅವನು ಕಟ್ಟಿದ ಮೋರಿಗಳಲ್ಲಿ ನೀರು ಮೊದಲ ಮಳೆಗಾಲ ಅಡಿಯಿಂದ ಹರಿಯುತ್ತಿತ್ತು, ಎರಡನೆಯದರಲ್ಲಿ ನಡುವಿನಿಂದ, ಮೂರನೆಯದರಲ್ಲಿ ಮೋರಿಯನ್ನೇ ಎತ್ತಿಕೊಂಡು. ಬಿರುಕಿಗೆ ನೀರು ಇಳಿಯಿತೋ, ಕಾಂಕ್ರೀಟಿನ ಕತೆ ಮುಗಿಯಿತು. ಇದು ಅವನು ಕಣ್ಣಾರೆ ಕಂಡ ವಿದ್ಯೆ.

ಜೂನ್ ಮೊದಲ ವಾರ ತಾರಸಿ ಹತ್ತಿ, ನೀರು ಹೋಗುವ ಕೊಳವೆಗೆ ಗೋಣಿಚೂರು ತುರುಕಿದ. ತಾರಸಿಯಲ್ಲಿ ನಾಲ್ಕು ಬೆರಳು ನೀರು ನಿಂತಿತು. ವಾರಕ್ಕೊಮ್ಮೆ ಮೂಡುಬಿದಿರೆಯಿಂದ ಬಂದು ನೋಡಿಕೊಂಡು ಹೋದ. ತಾಯಿ ತೊಟ್ಟಿಲು ನೋಡಿಕೊಳ್ಳುವಷ್ಟು ಅಕ್ಕರೆಯಿಂದ ಅವನು ಆ ಬಿರುಕನ್ನು ನೋಡಿಕೊಂಡ. ಜುಲೈಯಲ್ಲಿ ಬಿರುಕಿನಿಂದ ನೀರು ತೊಟ್ಟಿಕ್ಕತೊಡಗಿತು. ಅವನಿಗೆ ಸಂತೋಷವಾಯಿತು. ಆಗಸ್ಟಿನಲ್ಲಿ ತೊಟ್ಟಿಕ್ಕುವುದು ನಿಂತಿತು. ಆಟಿ ತಿಂಗಳು ಕಳೆದು ಮಳೆ ಕಡಿಮೆಯಾದದ್ದೇ ಕಾರಣವೆಂದುಕೊಂಡ. ಬಿರುಕಿನ ಉದ್ದಕ್ಕೂ ಬೆಳ್ಳಗೆ ಏನೋ ಗಟ್ಟಿಯಾಗಿತ್ತು. ಹುಣ್ಣು ಕೀವು ಬಿಟ್ಟಿದೆ, ಒಳ್ಳೆಯ ಲಕ್ಷಣ ಎಂದುಕೊಂಡ.

ಆದರೆ ಗಾಜು ಒಡೆಯಲಿಲ್ಲ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಮೂರೂ ಪಟ್ಟಿಗಳು ಹಾಗೇ ಇದ್ದವು. ಪ್ರಕೃತಿ ಸೋಮಾರಿ ಎಂದು ಮನವರಿಕೆಯಾಯಿತು. ಗುತ್ತಿಗೆದಾರನೇ ಕೆಲಸ ಮುಗಿಸಬೇಕಾಯಿತು.

ಸುತ್ತಿಗೆ ಬೇಡ, ಏಟಿನ ಗುರುತು ಉಳಿಯುತ್ತದೆ. ಕಾದ ಮೊಳೆಯನ್ನು ಗಾಜಿಗೆ ಒತ್ತಿ, ಕೂಡಲೇ ಒದ್ದೆ ಬಟ್ಟೆ ತಾಗಿಸಿದರೆ ಗಾಜು ತಾನಾಗಿ ಸೀಳುತ್ತದೆ. ಅದೇ ಬಗೆಯ ಪಟ್ಟಿಗಳನ್ನು ತಂದು ಮನೆಯಲ್ಲಿ ಅಭ್ಯಾಸ ಮಾಡಿದ. ಮೂರು ಸೊಟ್ಟಗೆ ಸೀಳಿದವು, ನಾಲ್ಕನೆಯದು ನೇರ ಬಂತು.

"ಫೋಟೋಕ್ಕೆ ಕಟ್ಟು ಹಾಕುವುದಾ? ಯಾರದ್ದು?" ಎಂದು ಹೆಂಡತಿ ಪದ್ಮಲತಾ ಕೇಳಿದಳು.

"ಕಟ್ಟಡದ್ದು."

"ಬದುಕಿರುವಾಗಲೇ?"

ಅವನು ಮೊಳೆಯನ್ನು ಮತ್ತೆ ಕಾಯಲಿಟ್ಟ.

ಕೂಸಪ್ಪ ಮಧ್ಯಾಹ್ನ ಊಟಕ್ಕೆ ಹೋದ ಹೊತ್ತಿಗೆ ಪುಷ್ಪರಾಜ ಮೇಲೆ ಹೋದ. ಗಾಜಿನ ಪಕ್ಕ ಒಂದು ಜೇಡ ಬಲೆ ಕಟ್ಟಿತ್ತು. ಜೀವ ನೋಯಿಸುವುದು ಅವನ ಮನೆತನದಲ್ಲಿಲ್ಲ. ಅದನ್ನು ಕಾಗದದ ಮೇಲೆ ಹತ್ತಿಸಿ ಕಿಟಕಿಯ ಹೊರಗೆ ಬಿಟ್ಟ. ಇಷ್ಟು ದಿನ ಇದ್ದ ಜಾಗ ಬಿಟ್ಟು ಪಾಪ ಎಲ್ಲಿ ಹೋಗುತ್ತದೋ ಎಂದು ಕ್ಷಣ ಮರುಗಿದ. ಆಮೇಲೆ ಮೊಳೆ ಕಾಯಿಸಿದ, ಮಸಿ ಹತ್ತಬಾರದೆಂದು ಒರೆಸಿದ, ಒತ್ತಿದ. ನಡುವಿನ ಪಟ್ಟಿ ಟಿಕ್ ಎಂದು ಸೀಳಿತು, ಬಾಗಿಲ ಕಡೆಯದೂ ಸೀಳಿತು. ಮೂರನೆಯದನ್ನು ಹಾಗೇ ಬಿಟ್ಟ. ಎಲ್ಲವೂ ಒಡೆದರೆ ಸಂಶಯ ಬರುತ್ತದೆ. ಕೊಳವೆಯ ಗೋಣಿಚೂರನ್ನೂ ತೆಗೆದ. ಇಷ್ಟು ಶ್ರದ್ಧೆಯಿಂದ ಅವನು ಯಾವ ಮೋರಿಯನ್ನೂ ಕಟ್ಟಿರಲಿಲ್ಲ.

ಅಕ್ಟೋಬರಿನಲ್ಲಿ ನಿಝಾಮುದ್ದೀನ್ ಬಂದರು. ಕೂಸಪ್ಪನ ಟಾರ್ಚು ಇಸಕೊಂಡು, ಸ್ಟೂಲು ಹತ್ತಿ, ಬಹಳ ಹೊತ್ತು ನೋಡಿದರು. ಕೂಸಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಯಾರದೋ ಕೊಡೆಯ ಹಿಡಿ ಇತ್ತು, ಅದನ್ನು ಸುಮ್ಮನೆ ತಿರುಗಿಸುತ್ತಿದ್ದ.

"ನಲವತ್ತು ಸಾವಿರ ಕೊಡೆ ನೇರ ಮಾಡಿದ್ದೇನೆ ಇಲ್ಲಿ," ಎಂದ, ಯಾರಿಗೂ ಅಲ್ಲದಂತೆ.

"ಎರಡು ಒಡೆದಿವೆ ಅಲ್ವಾ ಸಾರ್?" ಎಂದ ಪುಷ್ಪರಾಜ, ದನಿಯಲ್ಲಿ ಹದವಾದ ದುಃಖ ಬೆರೆಸಿ.

"ಒಡೆದಿವೆ. ಕೀಲಿ?"

"ನನ್ನ ಸೊಂಟದಿಂದ ಇಳಿದಿಲ್ಲ. ಬೇಕಾದರೆ ಬರೆದುಕೊಳ್ಳಿ."

"ಬರೆದುಕೊಂಡೆ," ಎಂದರು ನಿಝಾಮುದ್ದೀನ್. ಸ್ಟೂಲಿನಿಂದ ಇಳಿದು, "ನೀವು ಹತ್ತಿ," ಎಂದರು.

ಪುಷ್ಪರಾಜ ಹತ್ತಿದ. ಸೀಳಿದ ಗಾಜಿನ ಹಿಂದೆ, ಟಾರ್ಚಿನ ಬೆಳಕಿನಲ್ಲಿ, ಅವನ ಆ ಬಿಳಿ ಕೀವು ಬಿರುಕನ್ನು ತುಂಬಿ, ಹೊಲಿಗೆ ಹಾಕಿದಂತೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಎಲ್ಲೂ ಒಂದು ಸೀಳು ಬಿಟ್ಟಿರಲಿಲ್ಲ. "ಅದು ಸುಣ್ಣ," ಎಂದರು ನಿಝಾಮುದ್ದೀನ್ ಕೆಳಗಿನಿಂದ, ಪುಸ್ತಕಕ್ಕೆ ಬರೆಯುತ್ತಲೇ. "ಸಣ್ಣ ಬಿರುಕಿಗೆ ದಿನಗಟ್ಟಲೆ ನೀರು ಕುಡಿಸಿದರೆ ಕಾಂಕ್ರೀಟು ತನ್ನೊಳಗಿನ ಸುಣ್ಣದಿಂದ ತಾನೇ ಮುಚ್ಚಿಕೊಳ್ತದೆ. ಗಾಜು ಒಡೆಯುವಷ್ಟು ಬಿರುಕು ಅಲುಗಿದ್ದರೆ ಈ ಸುಣ್ಣ ಮೊದಲು ಬಿರಿಯಬೇಕಿತ್ತು. ಗಾಜು ಒಡೆದದ್ದು ಬಿರುಕಲ್ಲ, ಯಾರೋ ಮನುಷ್ಯರು. ಯಾರು ಅಂತ ಹುಡುಕುವ ಕೆಲಸ ನೀವು ಸಹಿ ಹಾಕಿ ತಪ್ಪಿಸಿದ್ದೀರಿ." ಪುಷ್ಪರಾಜ ಕೈ ಚಾಚಿ ಆ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದ. ಅದು ಕದಲಲಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥದ್ದನ್ನು ಅವನು ಒಂದು ಮೋರಿಯಲ್ಲೂ ಕಂಡಿರಲಿಲ್ಲ. ಕಾಣುವ ಹಾಗೂ ಇರಲಿಲ್ಲ. ಹಾಗೆ ಮುಚ್ಚಿಕೊಳ್ಳಲು ಕಾಂಕ್ರೀಟಿನಲ್ಲಿ ಸಿಮೆಂಟು ಪೂರ್ತಿ ಇರಬೇಕು; ಅಪ್ಪ ಪೂರ್ತಿ ಹಾಕಿಸಿದ್ದರು.