ಕತ್ತಿನ ಮೇಲಿನ ಉಣ್ಣಿ

ಮೊದಲೇ ಹೇಳಿಬಿಡುತ್ತೇನೆ, ನಾನು ಅವನ ಕತ್ತನ್ನು ದಿಟ್ಟಿಸಿದ್ದು ಪ್ರೀತಿಯಿಂದಲ್ಲ. ಅಲ್ಲೊಂದು ಉಣ್ಣಿ ಮೇಲೇರುತ್ತಿತ್ತು.

ಪಾಪ, ಅವನಿಗೇನು ಗೊತ್ತು? ನಮ್ಮ ಪಶು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ಆ ಹಾಲಿನವನು ನಾಚಿ ನೀರಾದ. ಕಾಲರ್ ಸರಿಮಾಡಿಕೊಂಡ. ಒಮ್ಮೆ ನೆಲ ನೋಡಿದ, ಒಮ್ಮೆ ನನ್ನನ್ನು.

"ಡಾಕ್ಟ್ರೇ, ಹಾಗೆಲ್ಲ ನೋಡ್ಬೇಡಿ. ಜನ ಇದ್ದಾರೆ."

"ಅಲ್ಲಾಡ್ಬೇಡಿ," ಎಂದು ಚಿಮುಟ ಹಿಡಿದು ಹತ್ತಿರ ಹೋದೆ. ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡ! ಅವನ ರೆಪ್ಪೆ ಅಷ್ಟು ಉದ್ದವೆಂದು ಆಗಲೇ ಗಮನಿಸಿದ್ದು. ಸುಳ್ಳೇಕೆ ಹೇಳಲಿ, ಆ ಉಣ್ಣಿ ಕೀಳಲು ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು ತೆಗೆದುಕೊಂಡೆ.

ಅವನು ಕಣ್ಣು ಬಿಟ್ಟಾಗ ಅದನ್ನು ಮೂಗಿನ ಮುಂದೆ ಹಿಡಿದೆ. "ಏನ್ರೀ ಇದು? ಮೊನ್ನೆ ಕೇಳಿದಾಗ ಕೊಟ್ಟಿಗೇಲಿ ಒಂದೂ ಇಲ್ಲ ಅಂದ್ರಲ್ಲ?"

ಮೊನ್ನೆ ಅವನ ಮನೆಗೆ ಹೋಗಿದ್ದೆ. ಎಂಟು ತಿಂಗಳ ಗಬ್ಬದ ಹಸುವಿಗೆ ಜ್ವರ, ಮೈ ಮಾತ್ರ ತಳತಳ. ಕಿವಿಯೊಳಗೆ, ಬಾಲದ ಬುಡದಲ್ಲಿ, ಎಲ್ಲಿ ಹುಡುಕಿದರೂ ಉಣ್ಣಿ ಸಿಗಲಿಲ್ಲ. ಸಾಮಾನ್ಯ ಜ್ವರವೆಂದು ಔಷಧ ಕೊಟ್ಟು ಬಂದಿದ್ದೆ.

"ಇದ್ವು," ಅವನ ದನಿ ಇಳಿಯಿತು. "ನೀವು ಬರ್ತೀರಂತ ಬೆಳಗ್ಗೆಯಿಂದ ಕೂತು ಒಂದೊಂದೇ ಕಿತ್ತು, ಮೈ ತೊಳ್ದಿದ್ದೆ. ನಮ್ಮನೆ ಹಸು ಗಲೀಜು ಅಂದ್ಕೊಂಡ್ಬಿಟ್ರೆ ಅಂತ..."

"ಅಯ್ಯೋ ದೇವ್ರೇ! ಕಾಯಿಲೆ ನೋಡೋಕೆ ಬಂದವಳು ನಾನು, ಅಂದಚಂದ ನೋಡೋಕಲ್ಲ!"

"ಈಗ ಮೇಲೇಳ್ತಾನೇ ಇಲ್ಲ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ. ಅದು ಹುಟ್ಟಿದ ವಾರಕ್ಕೇ ತಾಯಿ ಸತ್ತಿತ್ತು ಡಾಕ್ಟ್ರೇ, ಬಾಟಲಿ ಹಾಲು ಕುಡಿಸಿ ಸಾಕಿದೀನಿ. ಹೇಗಾದ್ರೂ ಉಳಿಸಿಕೊಡಿ."

ಕಾಫಿ ಬಣ್ಣವೆಂದರೆ ಉಣ್ಣಿ ಕಚ್ಚಿ ಬರುವ ಜ್ವರ, ರಕ್ತ ಒಡೆದು ಮೂತ್ರದಲ್ಲಿ ಹೋಗುತ್ತಿದೆ. ಮುಚ್ಚಿಟ್ಟದ್ದು ಅವನ ತಪ್ಪು. ಅವನ ಮಾತು ನಂಬಿ ರಕ್ತ ಪರೀಕ್ಷೆ ಮಾಡದೆ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು, ಅದು ನನ್ನದು. ಮೈಕ್ರೋಸ್ಕೋಪನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅವನ ಬೈಕ್ ಹಿಂದೆ ಕೂತೆ.

ಕೊಟ್ಟಿಗೆಯಲ್ಲಿ ಅವನಮ್ಮ ಹಸುವಿನ ತಲೆ ನೇವರಿಸುತ್ತ ಕೂತಿದ್ದರು. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ, ಕಿಟಕಿಯ ಬೆಳಕಿನಲ್ಲಿಟ್ಟು ನೋಡಿದೆ. ಸಿಕ್ಕಿಬಿದ್ದರು ಕಳ್ಳರು! ಉಣ್ಣಿ ತಂದುಬಿಟ್ಟ ಪರೋಪಜೀವಿಗಳು ಕೆಂಪು ಕಣಗಳೊಳಗೆ ಹಾಯಾಗಿ ಕೂತಿದ್ದವು.

"ನಾನೂ ನೋಡ್ಲಾ?" ಬಗ್ಗಿದ. ಅವನ ಕೂದಲು ನನ್ನ ಕೆನ್ನೆಗೆ ತಾಗಿತು. "ಜೋಡಿ ಜೋಡಿಯಾಗಿ ಇದಾವಲ್ಲ ಡಾಕ್ಟ್ರೇ?"

"ಹೂಂ. ಒಂಟಿಯಾಗಿರೋಕೆ ಅವಕ್ಕೂ ಬೇಜಾರೇನೋ."

ಇಂಜೆಕ್ಷನ್ ಕೊಟ್ಟೆ. ಅವನು ಗೋಡೆಯ ಸಂದುಸಂದಿಗೂ ಉಣ್ಣಿ ಔಷಧ ಹೊಡೆದ. ಹಸು ಸತ್ತರೆ ಈ ಮನುಷ್ಯ ನನ್ನ ಮುಖ ನೋಡುವುದಿಲ್ಲ ಎಂಬ ಯೋಚನೆ ಬಂತು. ಅದು ನನ್ನನ್ನು ಅಷ್ಟು ಕಾಡಿದ್ದು ನನಗೇ ಆಶ್ಚರ್ಯ.

ಎರಡು ದಿನ ಹೊತ್ತುಹೊತ್ತಿಗೆ ಹೋಗಿ ಜ್ವರ ನೋಡಿದೆ. ಮೂರನೆಯ ಬೆಳಗ್ಗೆ ಗೇಟು ತೆಗೆಯುವಷ್ಟರಲ್ಲಿ ಒಳಗಿನಿಂದ ಕೂಗು: "ಡಾಕ್ಟ್ರೇ, ಬೇಗ ಬನ್ನಿ!"

ಓಡಿದೆ. ಹಸು ನಾಲ್ಕೂ ಕಾಲ ಮೇಲೆ ನಿಂತು ಹುಲ್ಲು ಮೇಯುತ್ತಿತ್ತು. ನನ್ನನ್ನು ಕಂಡದ್ದೇ ಬಾಲವೆತ್ತಿ ಧಾರೆಯಾಗಿ ಉಚ್ಚೆ ಹೊಯ್ದಿತು. ತಿಳಿಯಾಗಿತ್ತು! ಉಚ್ಚೆ ನೋಡಿ ಕೈ ಕೈ ಹಿಡಿದು ಕುಣಿದ ಜೋಡಿ ಜಗತ್ತಿನಲ್ಲಿ ನಾವೊಂದೇ ಇರಬೇಕು. ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ಒಳಗಿನ ಕರು ಒದೆಯಿತು. ನನ್ನ ಕಣ್ಣು ತುಂಬಿಬಂತು.

"ಡಾಕ್ಟ್ರೇ, ಮುಚ್ಚಿಟ್ರೆ ಏನಾಗತ್ತೆ ಅಂತ ನೋಡಿದ್ದಾಯ್ತು," ಎಂದ. "ಇನ್ನೊಂದೂ ಹೇಳ್ಬಿಡ್ತೀನಿ. ಬೇರೆ ಡಾಕ್ಟ್ರು ಬರೋದಾಗಿದ್ರೆ ಹಸು ಮೈ ಅಷ್ಟೊಂದು ತಿಕ್ತಾನೇ ಇರ್ಲಿಲ್ಲ. ನೀವಂದ್ರೆ ನಂಗೆ ಇಷ್ಟ. ತುಂಬಾ ದಿನದಿಂದ."

"ಅಂತೂ ಬಾಯಿ ಬಿಟ್ಟ ನನ್ಮಗ!" ಅಡುಗೆಮನೆಯಿಂದ ಅವನಮ್ಮ.

ಅವನ ಕೈತುಂಬ ಸಗಣಿ. ನನ್ನದೂ ಅದೇ ಕಥೆ. ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

"ನಂಗೂ ಇಷ್ಟ ಕಣ್ರೀ!" ಎಂದೆ, ಅಕ್ಕಪಕ್ಕದ ನಾಲ್ಕು ಮನೆಗೂ ಕೇಳುವ ಹಾಗೆ.