ವೈಪರ್ ಹಾಕೋಕೂ ಬ್ರೇಕು

"ಅಮ್ಮಾ, ಒತ್ತಿದೀನಿ! ತಿರುಗಿಸು!"

ಪುಟ್ಟಿ ಡ್ರೈವರ್ ಸೀಟಿನ ತುದಿಗೆ ಜಾರಿ, ಎರಡೂ ಕಾಲಿನಿಂದ ಬ್ರೇಕ್ ಒತ್ತಿ ಹಿಡಿದಿದ್ದಳು. ಮೈಮೇಲೆ ಸ್ಕೂಲ್ ಯೂನಿಫಾರಂ. ಅಪ್ಪನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ನಿನ್ನೆ ಸಂಜೆ ಹೊರಟುಹೋಗಿದ್ದರು. ಇವತ್ತು ಅವಳಿಗೆ ಮತ್ತೆ ಸ್ಕೂಲು, ಅಮ್ಮನಿಗೆ ಮತ್ತೆ ಆಫೀಸು.

ಕಾರು ಮಾತ್ರ ಒಂದು ಚಕ್ರ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಹಾಗೇ ನಿಂತಿತ್ತು. ಚಕ್ರ ತಿರುಗಿಸುವ ಹಳೆಯ ಆಕ್ಸೆಲ್ ಬಿಚ್ಚಿ ಹೊಸದನ್ನು ತೂರಿಸುವಷ್ಟರಲ್ಲಿ ಅಪ್ಪನಿಗೆ ಎದೆನೋವು ಬಂದಿತ್ತು.

ಅಮ್ಮ ಉದ್ದ ಹಿಡಿಯ ಸ್ಪ್ಯಾನರ್ ಹಿಡಿದು ಕೂತೇ ಇದ್ದಳು. "ನಟ್ ಎಷ್ಟು ಬಿಗಿ ಮಾಡ್ಬೇಕು ಅಂತ ನಂಗೊತ್ತಿಲ್ವಲ್ಲೇ. ಗ್ಯಾರೇಜಿಗೆ ಫೋನ್ ಮಾಡೋಣ."

"ಬೇಡ! ಅಪ್ಪ ಮಾಡಿದ್ದನ್ನೆಲ್ಲ ಅವರು ಬಿಚ್ಚಿಹಾಕ್ತಾರೆ. ನಾವೇ ಮಾಡೋಣ. ಅರ್ಧ ಕೆಲಸ ನಂಗೆ ಬರುತ್ತೆ."

"ಏನಮ್ಮಾ ಅದು, ಬೆಳಿಗ್ಗೆ ಬೆಳಿಗ್ಗೆ?" ಹಿಂದೆ ಲಾರಿ ಓಡಿಸುತ್ತಿದ್ದ ಪಕ್ಕದ ಮನೆಯ ಅಜ್ಜ ಗೇಟು ತೆಗೆದು ಒಳಗೆ ಬಂದರು. ಸೊಂಟ ಹಿಡಿದುಕೊಂಡು ಬಗ್ಗಿ, ಚಕ್ರ ಇದ್ದ ಜಾಗದಲ್ಲಿ ಟಾರ್ಚ್ ಹಾಕಿ ನೋಡಿದರು.

"ಒಳಗಿನ ತುದಿ ಇನ್ನೂ ಸರಿಯಾಗಿ ಕೂತೇ ಇಲ್ಲ. ಹೀಗೇ ನಟ್ ಬಿಗಿ ಮಾಡಿದ್ರೆ ನಡುದಾರೀಲಿ ಕೈ ಕೊಡುತ್ತೆ. ಇದು ಮನೇಲಿ ಆಗೋದಲ್ಲ ಮಗಳೇ. ನನ್ನ ಸೊಂಟ ನೆಟ್ಟಗಿದ್ದಿದ್ರೆ ನಾನೇ ಕೆಳಗೆ ನುಗ್ತಿದ್ದೆ."

"ಆಗುತ್ತೆ ಅಜ್ಜ!" ಪುಟ್ಟಿ ಕಿಟಕಿಯಿಂದ ಕೂಗಿದಳು. "ಅಪ್ಪ ಯಾವ ರಿಪೇರಿ ಮಾಡಿದ್ರೂ ಬ್ರೇಕ್ ಒತ್ತೋದು ನಾನೇ. ಹೆಡ್‌ಲೈಟ್ ಬಲ್ಬ್ ಹಾಕೋವಾಗ್ಲೂ, ವೈಪರ್ ಹಾಕೋವಾಗ್ಲೂ…"

ಅಜ್ಜ ನಕ್ಕೇಬಿಟ್ಟರು. "ವೈಪರ್ ಹಾಕೋಕೆ ಬ್ರೇಕ್ ಯಾಕೆ ಒತ್ಬೇಕೇ?" ಅಮ್ಮನ ಮುಖ ನೋಡಿ ಥಟ್ಟನೆ ನಗು ನುಂಗಿಕೊಂಡರು.

ಪುಟ್ಟಿಯ ಕಾಲು ತಾನಾಗಿ ಸಡಿಲವಾಯಿತು.

ಆ ಭಾನುವಾರಗಳು. ಎತ್ತಿದ ಬಾನೆಟ್‌ನ ಆಚೆ ಅಪ್ಪ ಕಾಣುತ್ತಲೇ ಇರಲಿಲ್ಲ, ಹಾಡು ಮಾತ್ರ ಕೇಳುತ್ತಿತ್ತು. ಪ್ರತಿ ಸಲವೂ ಸಾಲು ತಪ್ಪುತ್ತಿದ್ದರು. ಇವಳು ಇಲ್ಲಿಂದಲೇ ತಿದ್ದಬೇಕು. ನಡುನಡುವೆ, "ಪುಟ್ಟೀ, ಇದೀಯಾ?" "ಇದೀನಿ!" "ಬಿಡ್ಬೇಡ ಮತ್ತೆ!" ಒಂದು ಪುಟ್ಟ ಬಲ್ಬ್ ಹಾಕಲು ಇಡೀ ಬೆಳಗು ಹಿಡಿಯುತ್ತಿತ್ತು.

"ಅಮ್ಮಾ, ನಿಂಗೆ ಗೊತ್ತಿತ್ತಾ?"

ಅಮ್ಮ ಹೌದೆಂದು ತಲೆಯಾಡಿಸಿದಳು. "ಬ್ರೇಕ್ ಯಾಕೆ ಅಂತ ಅಪ್ಪನ್ನ ಒಂದ್ಸಲ ಕೇಳಿದ್ದೆ. 'ಶ್, ಹೇಳ್ಬೇಡ ಕಣೇ, ಎದ್ದು ಹೋಗ್ಬಿಡ್ತಾಳೆ' ಅಂದ್ರು."

ಪುಟ್ಟಿ ಬ್ರೇಕಿನಿಂದ ಎರಡೂ ಕಾಲು ತೆಗೆದಳು. ಆಮೇಲೆ ಕೆಳಗಿಳಿದಳು.

"ಗ್ಯಾರೇಜಿಗೆ ಫೋನ್ ಮಾಡಮ್ಮ."

ಅಮ್ಮನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಮೆತ್ತಿದ್ದ ಗ್ರೀಸನ್ನು ಬಟ್ಟೆಯಿಂದ ಒರೆಸಿದಳು.

"ತಗೊಳ್ಳಿ ಅಜ್ಜ. ಅಪ್ಪ ನಿಮ್ಮನೆಯಿಂದ ಕೇಳಿ ತಂದಿದ್ರು."

"ಇರ್ಲಿ ಬಿಡು ಪುಟ್ಟಿ, ಈಗೇನು ಅವಸರ?"

"ಈಗ್ಲೇ ತಗೊಳ್ಳಿ. ಆಮೇಲೆ ನಂಗೆ ಕೊಡೋಕೆ ಮನಸ್ಸು ಬರಲ್ಲ."

ಅಜ್ಜ ಎರಡೂ ಕೈ ಚಾಚಿ ತೆಗೆದುಕೊಂಡರು.