ಬೆಳಿಗ್ಗೆ ಮಾತ್ರ ಬರುವ ನೋವು

"ಏಳೇ! ಬಸ್ಸು ಆಗ್ಲೇ ಹಾರ್ನ್ ಹೊಡೀತಿದೆ!"

ಅಕ್ಕ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಏಳು ವರ್ಷದ ತಂಗಿ ಗುಬ್ಬಿ ಒಂದು ಶೂ ಕೈಯಲ್ಲಿ ಹಿಡಿದು ಇನ್ನೂ ನೆಲದ ಮೇಲೆಯೇ ಕೂತಿದ್ದಳು.

"ಮಂಡಿ ಮಡಚೋಕೇ ಆಗ್ತಿಲ್ಲ ಅಕ್ಕಾ."

"ನಿನ್ನೆ ಸಂಜೆ ಸ್ಕಿಪ್ಪಿಂಗ್ ಆಡೋಕೆ ಮಾತ್ರ ಆಗ್ತಿತ್ತಾ?"

"ಆಗ ಆಗ್ತಿತ್ತು..."

ಒಂದು ತಿಂಗಳಿಂದ ಇದೇ ಗೋಳು. ಬೆಳಿಗ್ಗೆ ಗುಬ್ಬಿ ಗೋಡೆ ಹಿಡಿದು ನಡೆಯುತ್ತಿದ್ದಳು, ಸಂಜೆ ಮನೆತುಂಬ ಕುಣಿಯುತ್ತಿದ್ದಳು. ಅಮ್ಮನಿಗೆ ಬೇಕರಿ ಕೆಲಸ. ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದಳು. ಸಂಜೆ ಬಂದು, "ಗುಬ್ಬಿ ಕಾಲು ಹೇಗಿದೆ?" ಅಂತ ಕೇಳಿದಾಗಲೆಲ್ಲ ಅಕ್ಕ, "ಎಲ್ಲ ನಾಟಕ ಅಮ್ಮ" ಅನ್ನುತ್ತಿದ್ದಳು. ಗುಬ್ಬಿಯಿಂದಾಗಿ ಮೂರು ಸಲ ಶಾಲೆಗೆ ಲೇಟಾಗಿದ್ದಕ್ಕೆ ಕ್ವಿಜ್ ಟೀಮಿನಿಂದ ಅಕ್ಕನ ಹೆಸರು ಹೋಗಿತ್ತು. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅಕ್ಕ ಗುಬ್ಬಿಯ ಕೈ ಹಿಡಿದು ದರದರ ಎಳೆದುಕೊಂಡು ಹೊರಟಳು. ಎರಡನೇ ಮೆಟ್ಟಿಲಿಗೇ ಗುಬ್ಬಿ ಕಿರುಚಿ ಕುಸಿದಳು.

ಕೆಳಮನೆಯ ಟೈಲರ್ ಆಂಟಿ ಕತ್ತಿನಲ್ಲಿದ್ದ ಟೇಪಿನ ಸಮೇತ ಓಡಿಬಂದರು. ಎರಡೂ ಮಂಡಿ ನೋಡಿದರು, ಆಮೇಲೆ ಅಳೆದರು.

"ಎಡಮಂಡಿ ಒಂದಿಂಚು ದಪ್ಪ ಇದೆ. ಮುಟ್ಟಿದ್ರೆ ಬಿಸಿ ಬೇರೆ. ಅಮ್ಮನಿಗೆ ಫೋನ್ ಮಾಡೇ!"

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ನಾಲ್ಕು ದಿನದ ಮೇಲೆ ಡಾಕ್ಟರ್ ಅಮ್ಮ, ಮಕ್ಕಳಿಬ್ಬರ ಮುಂದೆ ರಿಪೋರ್ಟ್ ಹಿಡಿದು ಕೂತರು.

"ಗಾಯ ಆದ್ರೆ, ಕ್ರಿಮಿ ಬಂದ್ರೆ, ಮೈಯೊಳಗಿನ ಜೀವಕೋಶಗಳು 'ಅಪಾಯ, ಬನ್ನಿ' ಅಂತ ಒಂದಕ್ಕೊಂದು ಸುದ್ದಿ ಕಳಿಸ್ತವೆ. ಕೆಲಸ ಮುಗಿದ್ಮೇಲೆ ಸುಮ್ಮನಾಗಬೇಕು. ಇವಳ ಕೀಲುಗಳಲ್ಲಿ ಅಪಾಯವೇ ಇಲ್ಲ, ಆದ್ರೂ ಸುದ್ದಿ ಹೋಗ್ತಾನೇ ಇದೆ. ಅದಕ್ಕೇ ಊತ. ರಕ್ತದಲ್ಲಿ ಅದರ ಗುರುತು ಸಿಕ್ಕಿದೆ ನೋಡಿ. ಐದರೊಳಗೆ ಇರಬೇಕಾದ್ದು ನಲವತ್ತೆಂಟಿದೆ."

"ಸಂಜೆ ಚೆನ್ನಾಗೇ ಇರ್ತಾಳಲ್ಲ?" ಅಕ್ಕನ ದನಿ ಸಣ್ಣಗಾಗಿತ್ತು.

"ರಾತ್ರಿಯೆಲ್ಲ ಮಲಗಿದ್ರೆ ಕೀಲು ಬಿಗಿದುಕೊಳ್ಳುತ್ತೆ. ಓಡಾಡ್ತಾ ಸಡಿಲ ಆಗುತ್ತೆ. ಈ ಕಾಯಿಲೆ ಇರೋದೇ ಹಾಗೆ ಪುಟ್ಟಾ. ಔಷಧಿ ಇದೆ, ಹಿಡಿತಕ್ಕೆ ಬರುತ್ತೆ. ಒಂದು ತಿಂಗಳು ಮೊದಲೇ ಬಂದಿದ್ರೆ ಇಷ್ಟು ನರಳೋದು ತಪ್ಪುತ್ತಿತ್ತು. ಬೆಳಿಗ್ಗೆ ಇವಳ ಪಾಡು ಯಾರೂ ನೋಡಲೇ ಇಲ್ವಾ?"

"ನಾನು ನೋಡ್ದೆ," ಅಂದಳು ಅಕ್ಕ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಮ್ಮ ಔಷಧಿಯ ಸಾಲಿನಲ್ಲಿ ನಿಂತಾಗ ಇಬ್ಬರೂ ಬೆಂಚಿನ ಮೇಲೆ ಕೂತರು. ಗುಬ್ಬಿ ಕೈಯಲ್ಲಿ ಸೂಜಿ ಚುಚ್ಚಿದ್ದ ಕಡೆ ಉಗುರಿನಿಂದ ಕೆರೆಯುತ್ತಾ ಕೇಳಿದಳು.

"ಅಕ್ಕಾ, ಆ ನಂಬರ್ ಐದೇ ಬಂದಿದ್ರೆ? ಆಗ್ಲೂ ನನ್ನ ನಂಬ್ತಿದ್ಯಾ?"

'ಹೂಂ' ಅನ್ನಲು ಅಕ್ಕ ಬಾಯಿ ತೆರೆದಳು.

"ಇಲ್ಲ," ಅಂದಳು ಕೊನೆಗೆ.

ಗುಬ್ಬಿ ಸುಮ್ಮನೆ ತಲೆಯಾಡಿಸಿದಳು. ಅವಳಿಗೆ ಅದು ಮೊದಲೇ ಗೊತ್ತಿತ್ತು ಅಂತ ಅಕ್ಕನಿಗೆ ಆಗ ಗೊತ್ತಾಯಿತು.